ಔಷಧೀಯ ಸಸ್ಯಗಳ ಸಂಯುಕ್ತಗಳು ಮತ್ತು ಕ್ಯಾನ್ಸರ್ ತಡೆ: ನೆಲಮಂಗಲ ಭಾಗದ ಬೆಳೆಗಾರರು ಅರಿಯಬೇಕಾದ ವಿಷಯಗಳು

ನೆಲಮಂಗಲ ತಾಲ್ಲೂಕು ಪೂರ್ವ ಒಣ ವಲಯಕ್ಕೆ ಸೇರಿದ್ದು, ಇಲ್ಲಿನ ಬಹುಪಾಲು ಜಮೀನು ಕೆಂಪು ಮರಳುಮಿಶ್ರಿತ ಗೋಡುಮಣ್ಣಿನಿಂದ ಕೂಡಿದೆ. ಮಳೆಯಾಶ್ರಯದಲ್ಲಿ ರಾಗಿ, ಅವರೆ, ತೊಗರಿ, ಹುರುಳಿ; ಕೊಳವೆಬಾವಿ ಇರುವಲ್ಲಿ ಅಡಿಕೆ, ತೆಂಗು, ತರಕಾರಿ, ಹೂವು ಮತ್ತು ಮೇವಿನ ಜೋಳ ಇಲ್ಲಿನ ರೂಢಿಯ ಬೆಳೆಗಳು. ಇವುಗಳ ನಡುವೆ ಈಚಿನ ವರ್ಷಗಳಲ್ಲಿ ಔಷಧೀಯ ಸಸ್ಯಗಳತ್ತ ರೈತರ ಒಲವು ಹೆಚ್ಚಿದೆ. ಈ ಒಲವಿನ ಹಿಂದೆ ಹಲವೆಡೆ ಒಂದೇ ಮಾತು ಕೇಳಿಬರುತ್ತದೆ: ‘ಈ ಗಿಡ ಕ್ಯಾನ್ಸರ್ ಬಾರದಂತೆ ತಡೆಯುತ್ತದೆ, ಆದ್ದರಿಂದ ಬೇಡಿಕೆಗೆ ಕೊರತೆಯಿಲ್ಲ.’ ಸಸಿ ಮಾರುವವರು ಇದನ್ನು ಹೇಳುತ್ತಾರೆ, ಮೊಬೈಲ್ ಸಂದೇಶಗಳು ಇದನ್ನು ಹರಡುತ್ತವೆ.

ರೈತರು ನಮ್ಮನ್ನು ಸಾಮಾನ್ಯವಾಗಿ ಕೇಳುವುದು ಮೂರು ಪ್ರಶ್ನೆ. ಲಕ್ಷ್ಮಣಫಲವನ್ನು ಎಕರೆಗಟ್ಟಲೆ ನೆಡಬಹುದೇ? ಅಶ್ವಗಂಧ, ಅರಿಶಿನಗಳಿಗೆ ಕ್ಯಾನ್ಸರ್ ಔಷಧಿಯಾಗಿ ಮಾರುಕಟ್ಟೆ ಇದೆಯೇ? ರೋಗಿಗಳ ಕಡೆಯವರು ಎಲೆ, ತೊಗಟೆ ಕೇಳಿಕೊಂಡು ಬಂದರೆ ಕೊಡಬಹುದೇ? ಮೊದಲ ಎರಡು ಪ್ರಶ್ನೆಗಳಲ್ಲಿ ರೈತರ ಹಣವಿದೆ, ಮೂರನೆಯದರಲ್ಲಿ ಒಂದು ಜೀವವಿದೆ. ಈ ಮೂರಕ್ಕೂ ಉತ್ತರಿಸಲು ಬೇಕಾದ ವೈಜ್ಞಾನಿಕ ಹಿನ್ನೆಲೆಯನ್ನು ಇಲ್ಲಿ ನೀಡಲಾಗಿದೆ. ಬರೆದಿರುವವರು ಬೇಸಾಯಶಾಸ್ತ್ರಜ್ಞರೇ ಹೊರತು ವೈದ್ಯರಲ್ಲ. ಇದನ್ನು ಚಿಕಿತ್ಸಾ ಸಲಹೆಯೆಂದು ಭಾವಿಸಬಾರದು.

ತಡೆ ಬೇರೆ, ಚಿಕಿತ್ಸೆ ಬೇರೆ

ದೇಹದ ಜೀವಕೋಶಗಳು ಅಂಕೆ ಮೀರಿ ವಿಭಜನೆಗೊಳ್ಳುವುದೇ ಕ್ಯಾನ್ಸರ್. ತಂಬಾಕಿನ ಹೊಗೆ, ಕೆಲವು ವೈರಾಣುಗಳು, ಬೂಷ್ಟಿನ ವಿಷ ಮುಂತಾದವು ಜೀವಕೋಶದ ಡಿ.ಎನ್.ಎ.ಗೆ ಹಾನಿ ಮಾಡುತ್ತವೆ. ಆ ಹಾನಿ ದುರಸ್ತಿಯಾಗದೆ ಉಳಿದು, ಅನೇಕ ವರ್ಷಗಳ ಅವಧಿಯಲ್ಲಿ ಹಂತಹಂತವಾಗಿ ಗಡ್ಡೆಯಾಗಿ ಪರಿಣಮಿಸುತ್ತದೆ. ಈ ದೀರ್ಘ ಅವಧಿಯಲ್ಲಿ ಯಾವುದಾದರೂ ಸಂಯುಕ್ತವನ್ನು ಸೇವಿಸಿ ಪ್ರಕ್ರಿಯೆಯನ್ನು ತಡೆಯಬಹುದೇ ಅಥವಾ ನಿಧಾನಗೊಳಿಸಬಹುದೇ ಎಂಬ ಶೋಧಕ್ಕೆ ಅಮೆರಿಕದ ವಿಜ್ಞಾನಿ ಮೈಕೆಲ್ ಸ್ಪೋರ್ನ್ 1976ರಲ್ಲಿ ಕೀಮೋಪ್ರಿವೆನ್ಷನ್ ಎಂದು ಹೆಸರಿಟ್ಟರು. ಕನ್ನಡದಲ್ಲಿ ಇದನ್ನು ರಾಸಾಯನಿಕ ತಡೆ ಎನ್ನಬಹುದು.

ತಡೆಗೆ ಬಳಸುವ ವಸ್ತುವನ್ನು ಆರೋಗ್ಯವಂತರು ವರ್ಷಾನುಗಟ್ಟಲೆ ಸೇವಿಸಬೇಕಾಗುತ್ತದೆ. ಆದುದರಿಂದ ಅದು ಅತ್ಯಂತ ನಿರಪಾಯಕಾರಿಯಾಗಿರಬೇಕು. ಚಿಕಿತ್ಸೆಗೆ ಬಳಸುವ ವಸ್ತುವಿನ ಕೆಲಸ ವಿಭಜಿಸುತ್ತಿರುವ ಕೋಶಗಳನ್ನು ಕೊಲ್ಲುವುದು. ಅದು ಸ್ವಭಾವತಃ ವಿಷ. ಈ ಎರಡನ್ನು ಒಂದೇ ಎಂದು ತಿಳಿಯುವುದರಿಂದಲೇ ಬಹುಪಾಲು ತಪ್ಪು ಕಲ್ಪನೆಗಳು ಹುಟ್ಟುತ್ತವೆ.

ಸಂಶೋಧನೆಯ ಹಂತಗಳನ್ನು ನಮ್ಮ ಬೆಳೆ ಪ್ರಯೋಗಗಳಿಗೆ ಹೋಲಿಸಿ ನೋಡಿ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಒಂದು ಕಷಾಯ ಶಿಲೀಂಧ್ರವನ್ನು ಕೊಂದಿತೆಂದ ಮಾತ್ರಕ್ಕೆ ಅದು ಹೊಲದಲ್ಲಿ ರಾಗಿಯ ಬೆಂಕಿ ರೋಗವನ್ನು ಹತೋಟಿ ಮಾಡುತ್ತದೆಂದು ಯಾವ ವಿಶ್ವವಿದ್ಯಾನಿಲಯವೂ ಶಿಫಾರಸು ಮಾಡುವುದಿಲ್ಲ. ಕುಂಡದ ಪ್ರಯೋಗ, ತಾಕಿನ ಪ್ರಯೋಗ, ಹಲವು ಸ್ಥಳಗಳ ಪ್ರಯೋಗ, ಕೊನೆಗೆ ರೈತರ ಹೊಲದ ಪ್ರಯೋಗ ಎಲ್ಲವೂ ಆಗಬೇಕು. ಕ್ಯಾನ್ಸರ್ ಸಂಶೋಧನೆಯಲ್ಲಿಯೂ ಹಾಗೆಯೇ: ತಟ್ಟೆಯ ಕೋಶಗಳು, ಇಲಿಗಳು, ಆನಂತರ ಮನುಷ್ಯರಲ್ಲಿ ಹಂತಹಂತದ ಪರೀಕ್ಷೆಗಳು. ‘ಸಂಶೋಧನೆಯಿಂದ ದೃಢಪಟ್ಟಿದೆ’ ಎಂಬ ಮಾತು ಕೇಳಿದಾಗ, ಯಾವ ಹಂತದ ಸಂಶೋಧನೆ ಎಂದು ಕೇಳುವುದು ವಿಸ್ತರಣಾ ಕಾರ್ಯಕರ್ತರ ಮೊದಲ ಪ್ರಶ್ನೆಯಾಗಬೇಕು.

ಗಿಡದಿಂದ ಬಂದ ನಿಜವಾದ ಔಷಧಿಗಳು: ನಿತ್ಯಪುಷ್ಪ ಮತ್ತು ದುರ್ವಾಸನೆ ಮರ

ಗಿಡಮೂಲಿಕೆಗಳಲ್ಲಿ ಹುರುಳಿಲ್ಲವೆಂದು ಹೇಳುವುದೂ ತಪ್ಪು. ಮನೆಯಂಗಳದಲ್ಲಿ, ದೇವಾಲಯದ ಆವರಣದಲ್ಲಿ ಬೆಳೆಯುವ ನಿತ್ಯಪುಷ್ಪ ಅಥವಾ ಕಾಶಿಕಣಗಿಲೆಯನ್ನೇ ನೋಡಿ. ಮೂಲತಃ ಮಡಗಾಸ್ಕರ್ ದ್ವೀಪದ ಈ ಗಿಡವನ್ನು ಹಲವು ದೇಶಗಳ ನಾಟಿ ವೈದ್ಯದಲ್ಲಿ ಸಕ್ಕರೆ ಕಾಯಿಲೆಗೆ ಬಳಸುತ್ತಿದ್ದರು. ಕೆನಡಾದ ರಾಬರ್ಟ್ ನೋಬಲ್ ಅವರ ಪ್ರಯೋಗಾಲಯಕ್ಕೆ ಜಮೈಕಾದಿಂದ ಇದರ ಎಲೆ ಬಂದುದು ಆ ಕಾರಣಕ್ಕೇ. ಇಲಿಗಳಲ್ಲಿ ಪರೀಕ್ಷಿಸಿದಾಗ ರಕ್ತದ ಸಕ್ಕರೆ ಇಳಿಯಲಿಲ್ಲ. ಬದಲಿಗೆ ಬಿಳಿ ರಕ್ತಕಣಗಳು ಕುಸಿದವು. ಆ ಸುಳಿವನ್ನು ಹಿಡಿದು ನೋಬಲ್ ಮತ್ತು ಚಾರ್ಲ್ಸ್ ಬಿಯರ್ 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಸಸ್ಯಕ್ಷಾರವನ್ನು ಪ್ರಕಟಿಸಿದರು. ಇದರ ಜೊತೆಗಾರ ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಅನುಮೋದನೆ ಪಡೆಯಿತು. ಮಕ್ಕಳ ರಕ್ತ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇಂದಿಗೂ ಅದು ಅತ್ಯಗತ್ಯ.

ಈ ಯಶಸ್ಸಿನ ಕಥೆಯಲ್ಲಿ ಬೆಳೆಗಾರರು ಗಮನಿಸಬೇಕಾದುದು ಪ್ರಮಾಣ. ಈ ಕ್ಷಾರಗಳು ಎಲೆಯಲ್ಲಿ ಅತ್ಯಲ್ಪ. ಒಂದು ಗ್ರಾಂ ಶುದ್ಧ ವಸ್ತುವಿಗೆ ನೂರಾರು ಕಿಲೋಗ್ರಾಂ ಒಣ ಎಲೆ ಬೇಕಾಗುತ್ತದೆ. ರೋಗಿಗೆ ಕೊಡುವ ಪ್ರಮಾಣವನ್ನು ಮಿಲಿಗ್ರಾಂಗಳಲ್ಲಿ ಲೆಕ್ಕ ಹಾಕಿ, ತಜ್ಞರ ನಿಗಾದಲ್ಲಿ ರಕ್ತನಾಳಕ್ಕೆ ಮಾತ್ರ ಕೊಡಲಾಗುತ್ತದೆ. ಎಲೆಯಲ್ಲಿ ನೂರಕ್ಕೂ ಹೆಚ್ಚು ಬಗೆಯ ಕ್ಷಾರಗಳಿವೆ. ಅವುಗಳ ಪ್ರಮಾಣ ತಳಿ, ಮಣ್ಣು, ಕೊಯ್ಲಿನ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಆದುದರಿಂದ ನಿತ್ಯಪುಷ್ಪದ ಎಲೆಯನ್ನು ಅಗಿಯುವುದು ಅಥವಾ ಕಷಾಯ ಮಾಡಿ ಕುಡಿಯುವುದು ತಡೆಯೂ ಅಲ್ಲ, ಚಿಕಿತ್ಸೆಯೂ ಅಲ್ಲ, ಅಪಾಯ. ಸಕ್ಕರೆ ಕಾಯಿಲೆಗೆಂದು ಇದನ್ನು ಬೆಳಗಿನ ಹೊತ್ತು ಅಗಿಯುವ ಅಭ್ಯಾಸ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಅದನ್ನು ಬಿಡಿಸಬೇಕು.

ಪಶ್ಚಿಮ ಘಟ್ಟದ ದುರ್ವಾಸನೆ ಮರದ ಕಥೆಯೂ ಇಂತಹುದೇ. ಕ್ಯಾಂಪ್ಟೊಥೆಸಿನ್ ಎಂಬ ಸಂಯುಕ್ತವನ್ನು 1966ರಲ್ಲಿ ಅಮೆರಿಕದ ವಾಲ್ ಮತ್ತು ವಾನಿ ಚೀನಾ ಮೂಲದ ಒಂದು ಮರದಲ್ಲಿ ಗುರುತಿಸಿದರು. 1972ರಲ್ಲಿ ಗೋವಿಂದಾಚಾರಿ ಮತ್ತು ವಿಶ್ವನಾಥನ್ ಅದೇ ಸಂಯುಕ್ತವನ್ನು ನಮ್ಮ ದುರ್ವಾಸನೆ ಮರದಲ್ಲಿ ಕಂಡುಕೊಂಡರು. ಇದರಿಂದ ರೂಪಿಸಿದ ಟೊಪೊಟೆಕಾನ್ ಮತ್ತು ಇರಿನೊಟೆಕಾನ್ ಔಷಧಿಗಳು 1996ರಿಂದ ಬಳಕೆಯಲ್ಲಿವೆ. ಬೇಡಿಕೆ ಏರಿದಂತೆ ಘಟ್ಟದಲ್ಲಿ ಈ ಮರಗಳನ್ನು ಬುಡಸಮೇತ ಕಡಿದು ಸಾಗಿಸಲಾಯಿತು. ಪರ್ಯಾಯದ ಹುಡುಕಾಟದಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು, ಇದೇ ಸಸ್ಯಕುಟುಂಬಕ್ಕೆ ಸೇರಿಸಲಾಗಿದ್ದ ಮತ್ತೊಂದು ಮರದೊಳಗೆ ವಾಸಿಸುವ ಫ್ಯುಸೇರಿಯಂ ಶಿಲೀಂಧ್ರವು ಕ್ಯಾಂಪ್ಟೊಥೆಸಿನ್ ತಯಾರಿಸುವುದನ್ನು 2010ರಲ್ಲಿ ವರದಿ ಮಾಡಿದರು. ಬೆಳೆ ರೋಗಕಾರಕವೆಂದು ನಾವು ದೂರುವ ಶಿಲೀಂಧ್ರ ಕುಲವೇ ಇದು ಎಂಬುದು ಸ್ವಾರಸ್ಯಕರ. ನೆಲಮಂಗಲದ ಬಯಲಿಗೆ ಈ ಮರ ಸೂಕ್ತವಲ್ಲ. ಸಸಿ ತಂದು ಮಾರುವವರಿದ್ದರೆ ಕೊಳ್ಳಬೇಡಿ.

ಲಕ್ಷ್ಮಣಫಲದ ‘ಹತ್ತು ಸಾವಿರ ಪಟ್ಟು’

ಲಕ್ಷ್ಮಣಫಲ, ಮುಳ್ಳುರಾಮಫಲ, ಹನುಮಫಲ ಎಂಬ ಹೆಸರುಗಳಲ್ಲಿ ಮಾರಾಟವಾಗುವ ಗಿಡವು ಸೀತಾಫಲದ ಜಾತಿಗೆ ಸೇರಿದ, ಅಮೆರಿಕ ಖಂಡದ ಉಷ್ಣ ಪ್ರದೇಶದ ಹಣ್ಣಿನ ಮರ. ಕೀಮೋಥೆರಪಿಗಿಂತ ಇದು ಹತ್ತು ಸಾವಿರ ಪಟ್ಟು ಶಕ್ತಿಶಾಲಿ ಎಂಬ ಸಂದೇಶವನ್ನು ನೀವೂ ಓದಿರಬಹುದು. ಈ ಸಂಖ್ಯೆ ಎಲ್ಲಿಂದ ಬಂತು ಎಂಬುದು ಗೊತ್ತಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ತಂಡ 1996ರಲ್ಲಿ ಈ ಮರದ ಬೀಜದಿಂದ ಬೇರ್ಪಡಿಸಿದ ಒಂದು ಅಸಿಟೊಜೆನಿನ್ ಸಂಯುಕ್ತವನ್ನು, ಪ್ರಯೋಗಾಲಯದಲ್ಲಿ ಬೆಳೆಸಿದ ಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸಿತು. ಆ ಒಂದು ಬಗೆಯ ಕೋಶಗಳ ಮೇಲೆ ಅದು ಅಡ್ರಿಯಾಮೈಸಿನ್ ಎಂಬ ಔಷಧಿಗಿಂತ ಹತ್ತು ಸಾವಿರ ಪಟ್ಟು ತೀಕ್ಷ್ಣವಾಗಿತ್ತು. ಹಣ್ಣನ್ನು ಯಾರೂ ತಿಂದಿರಲಿಲ್ಲ, ಯಾವ ರೋಗಿಯೂ ಗುಣವಾಗಿರಲಿಲ್ಲ. ಬೀಜದ ಶುದ್ಧ ಸಂಯುಕ್ತದ ಸಂಖ್ಯೆಯನ್ನು ಹಣ್ಣಿಗೂ ಎಲೆಗೂ ಅಂಟಿಸಿ ದೇಶದೇಶಕ್ಕೆ ಹರಡಲಾಯಿತು. ಈ ಹಣ್ಣು ಅಥವಾ ಎಲೆ ಮನುಷ್ಯರಲ್ಲಿ ಕ್ಯಾನ್ಸರನ್ನು ತಡೆಯುತ್ತದೆ ಅಥವಾ ಗುಣಪಡಿಸುತ್ತದೆ ಎಂದು ತೋರಿಸಿದ ಸಮರ್ಪಕ ಪರೀಕ್ಷೆ ಇಲ್ಲ.

ಇದೇ ಗುಂಪಿನ ಸಂಯುಕ್ತಗಳಿಗೆ ಮತ್ತೊಂದು ಮುಖವಿದೆ. ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣನ್ನು ಮತ್ತು ಎಲೆಯ ಕಷಾಯವನ್ನು ದೀರ್ಘಕಾಲ ಸೇವಿಸುವವರಲ್ಲಿ ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ, ಔಷಧಿಗೆ ಬಗ್ಗದ ನರರೋಗ ಹೆಚ್ಚಾಗಿ ಕಂಡುಬಂದಿರುವುದಾಗಿ 1999ರಲ್ಲಿ ವರದಿಯಾಯಿತು. ಅನೊನಾಸಿನ್ ಎಂಬ ಅಸಿಟೊಜೆನಿನ್ ನರಕೋಶಗಳಿಗೆ ವಿಷಕಾರಿ ಎಂಬುದು ಪ್ರಾಣಿ ಪ್ರಯೋಗಗಳಲ್ಲಿ ಕಂಡಿದೆ. ಅಪರೂಪಕ್ಕೊಮ್ಮೆ ಹಣ್ಣು ತಿನ್ನುವವರು ಗಾಬರಿಯಾಗಬೇಕಿಲ್ಲ. ದಿನವೂ ಎಲೆಯ ಕಷಾಯ ಕುಡಿಯುವುದನ್ನು ಮಾತ್ರ ಯಾರಿಗೂ ಹೇಳಬೇಡಿ. ಬೆಳೆಯಾಗಿ ನೋಡಿದರೆ, ಸಂದೇಶಗಳ ಅಬ್ಬರದಿಂದ ಹುಟ್ಟಿದ ಬೇಡಿಕೆ ಅಬ್ಬರ ತಗ್ಗಿದೊಡನೆ ಇಳಿಯುತ್ತದೆ, ಮರವಾದರೋ ತೋಟದಲ್ಲಿಯೇ ಉಳಿಯುತ್ತದೆ. ಮನೆಯ ಬಳಕೆಗೆ ಒಂದೆರಡು ಗಿಡ ಸಾಕು. ಎಕರೆಗಟ್ಟಲೆ ನೆಡುವುದನ್ನು ನಾನು ಶಿಫಾರಸು ಮಾಡಲಾರೆ.

ಅರಿಶಿನ: ಹೆಚ್ಚು ಅಧ್ಯಯನ, ಕಡಿಮೆ ಫಲಿತಾಂಶ

ತಡೆಯ ದೃಷ್ಟಿಯಿಂದ ಅತ್ಯಂತ ಹೆಚ್ಚು ಪರೀಕ್ಷೆಗೊಳಗಾದ ನಮ್ಮ ಸಾಂಪ್ರದಾಯಿಕ ವಸ್ತುಗಳಲ್ಲಿ ಅರಿಶಿನ ಮುಂಚೂಣಿಯಲ್ಲಿದೆ. ಅದರ ಹಳದಿ ಸಂಯುಕ್ತವಾದ ಕರ್ಕ್ಯುಮಿನ್ ತಟ್ಟೆಯ ಕೋಶಗಳಲ್ಲಿಯೂ ಇಲಿಗಳಲ್ಲಿಯೂ ಉರಿಯೂತವನ್ನು, ಗಡ್ಡೆಯ ಬೆಳವಣಿಗೆಯನ್ನು ತಗ್ಗಿಸಿದ ವರದಿಗಳು ಹೇರಳವಾಗಿವೆ. ತೊಡಕಿರುವುದು ಹೀರಿಕೆಯಲ್ಲಿ. ಬಾಯಿಯ ಮೂಲಕ ಸೇವಿಸಿದ ಕರ್ಕ್ಯುಮಿನ್ ರಕ್ತಕ್ಕೆ ಸೇರುವುದು ಅತ್ಯಲ್ಪ. ಸೇರಿದ್ದನ್ನೂ ಯಕೃತ್ತು ಬೇಗನೆ ಹೊರಹಾಕುತ್ತದೆ.

ಈ ತೊಡಕಿಗೆ ಸಂಬಂಧಿಸಿದ ಒಂದು ಪ್ರಸಿದ್ಧ ಪ್ರಯೋಗ ನಡೆದುದು ನಮ್ಮ ಬೆಂಗಳೂರಿನಲ್ಲಿಯೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಮತ್ತು ಅದರೊಂದಿಗೆ ಕರಿಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ನೀಡಲಾಯಿತು. ಕರ್ಕ್ಯುಮಿನ್ ಲಭ್ಯತೆ ಶೇಕಡ 2000ದಷ್ಟು ಹೆಚ್ಚಿತು. ಅರಿಶಿನದ ಜೊತೆ ಮೆಣಸು ಬೆರೆಸುವ ನಮ್ಮ ಅಡುಗೆಯ ರೂಢಿಗೆ ಇದರಿಂದ ಸಮರ್ಥನೆ ದೊರೆಯಿತೆಂದು ಹಲವರು ಸಂತೋಷಪಟ್ಟರು. ಆದರೆ ಈ ಅಧ್ಯಯನ ಅಳೆದುದು ರಕ್ತದಲ್ಲಿನ ಪ್ರಮಾಣವನ್ನು, ಕ್ಯಾನ್ಸರನ್ನಲ್ಲ. ಅತ್ಯಲ್ಪವಾದುದು ಇಪ್ಪತ್ತು ಪಟ್ಟಾದರೂ ಅಲ್ಪವಾಗಿಯೇ ಉಳಿಯಬಹುದು. ಮೇಲಾಗಿ ಪೈಪರಿನ್ ಇತರ ಔಷಧಿಗಳ ಹೀರಿಕೆಯನ್ನೂ ಬದಲಿಸುತ್ತದೆ. ಚಿಕಿತ್ಸೆಯಲ್ಲಿರುವ ರೋಗಿ ಇಂತಹ ಗುಳಿಗೆಗಳನ್ನು ವೈದ್ಯರಿಗೆ ತಿಳಿಸದೆ ಸೇವಿಸಬಾರದು.

ಮನುಷ್ಯರಲ್ಲಿ ತಡೆಯ ಸುಳಿವು ನೀಡಿದ ಒಂದು ಚಿಕ್ಕ ಪರೀಕ್ಷೆ 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. 44 ಧೂಮಪಾನಿಗಳಲ್ಲಿ ದಿನಕ್ಕೆ 4 ಗ್ರಾಂ ಕರ್ಕ್ಯುಮಿನ್ ಸೇವಿಸಿದವರ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್‌ಗೆ ಮುನ್ಸೂಚಕವೆನ್ನಬಹುದಾದ ಸೂಕ್ಷ್ಮ ಗಾಯಗಳು ಒಂದು ತಿಂಗಳಲ್ಲಿ ಶೇಕಡ 40ರಷ್ಟು ಇಳಿದವು. ದಿನಕ್ಕೆ 2 ಗ್ರಾಂ ಸೇವಿಸಿದವರಲ್ಲಿ ಇಳಿಕೆ ಕಾಣಲಿಲ್ಲ. ಈಗ ಲೆಕ್ಕ ಹಾಕಿ. ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಶೇಕಡ 4 ಎಂದಿಟ್ಟುಕೊಂಡರೆ, 4 ಗ್ರಾಂ ಕರ್ಕ್ಯುಮಿನ್‌ಗೆ ದಿನವೂ 100 ಗ್ರಾಂ ಪುಡಿ ಬೇಕು. ನಮ್ಮ ಸಾರು, ಪಲ್ಯಗಳ ಮೂಲಕ ಒಬ್ಬರ ಹೊಟ್ಟೆಗೆ ಹೋಗುವುದು ಒಂದೆರಡು ಗ್ರಾಂ ಪುಡಿ. ಅಡುಗೆಯಲ್ಲಿ ಅರಿಶಿನ ಒಳ್ಳೆಯದು, ಬಳಸುತ್ತಿರಿ. ಅದು ಕ್ಯಾನ್ಸರ್ ತಡೆಯುವ ಔಷಧಿ ಎಂಬ ಭರವಸೆ ಬೇಡ.

ಅರಿಶಿನ ಬೆಳೆಯುವವರಿಗೆ ಈ ಸಂಶೋಧನೆಯಿಂದ ಬೇರೊಂದು ಪ್ರಯೋಜನವಿದೆ. ಸಾರ ತೆಗೆಯುವ ಉದ್ಯಮಗಳು ಕರ್ಕ್ಯುಮಿನ್ ಅಂಶವನ್ನು ನೋಡಿ ಕೊಳ್ಳುತ್ತವೆ. ಕೋಯಿಕ್ಕೋಡಿನ ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರತಿಭಾ ತಳಿಯಲ್ಲಿ ಶೇಕಡ 6ರಷ್ಟು ಕರ್ಕ್ಯುಮಿನ್ ಇದೆ. ಅದೇ ಸಂಸ್ಥೆಯ ಪ್ರಗತಿ ತಳಿ ಸುಮಾರು 180 ದಿನಗಳಲ್ಲಿ ಕೊಯ್ಲಿಗೆ ಬರುವುದರಿಂದ, ಕೊಳವೆಬಾವಿಯ ನೀರು ಬೇಸಿಗೆಯವರೆಗೆ ನಿಲ್ಲದ ನೆಲಮಂಗಲದಂತಹ ಕಡೆ ಪರಿಶೀಲನೆಗೆ ಅರ್ಹ.

ಅಶ್ವಗಂಧ ಮತ್ತು ಅಮೃತಬಳ್ಳಿ

ಅಶ್ವಗಂಧದ ವಿಥಾಫೆರಿನ್-ಎ ಎಂಬ ಸಂಯುಕ್ತ ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ಅದು ಎಲೆಯಲ್ಲಿ ಹೆಚ್ಚು. ಸಂಪ್ರದಾಯದಲ್ಲಿ ಬಳಸುವುದು ಬೇರನ್ನು. ಎಲೆ ಬಳಸದಂತೆ ಆಯುಷ್ ಸಚಿವಾಲಯವು 2021ರಲ್ಲಿ ತಯಾರಕರಿಗೆ ಸೂಚಿಸಿದೆ. ಆದುದರಿಂದ ಬೇರಿನ ರಾಶಿಯಲ್ಲಿ ಎಲೆ, ಕಡ್ಡಿ ಬೆರೆಸಿ ತೂಕ ಹೆಚ್ಚಿಸುವ ಪ್ರಯತ್ನ ಮಾಡಬಾರದು. ಅಮೃತಬಳ್ಳಿಯ ವಿಷಯದಲ್ಲಿ, ಅದನ್ನು ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿನ ಹಾನಿ ಕಂಡುದನ್ನು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಇದನ್ನು ಹೋಲುವ ಬೇರೆ ಬಳ್ಳಿಗಳೂ ಇವೆ. ಬೇಲಿಯಲ್ಲಿ ಸಿಕ್ಕಿದ್ದನ್ನು ಗುರುತಿಸದೆ ಕೊಯ್ದು ಮಾರಬೇಡಿ. ಎರಡೂ ಸಸ್ಯಗಳಿಗೆ ಮನುಷ್ಯರಲ್ಲಿ ಕ್ಯಾನ್ಸರ್ ತಡೆಯ ಪುರಾವೆ ದೊರೆತಿಲ್ಲ.

ಒಳ್ಳೆಯ ಸಂಯುಕ್ತ ಕೆಡುಕು ಮಾಡಿದ ಉದಾಹರಣೆ

‘ತಿಂದರೆ ನಷ್ಟವೇನು?’ ಎಂದು ಕೇಳುವವರಿಗೆ ಫಿನ್ಲೆಂಡಿನ ಅನುಭವವನ್ನು ತಿಳಿಸಬೇಕು. ತರಕಾರಿ, ಹಣ್ಣು ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬುದನ್ನು ಕಂಡು, ಕ್ಯಾರೆಟ್ ಮತ್ತು ಸೊಪ್ಪುಗಳಲ್ಲಿರುವ ಬೀಟಾ-ಕ್ಯಾರೊಟೀನನ್ನು ಗುಳಿಗೆಯಾಗಿ ಕೊಟ್ಟು ನೋಡಲಾಯಿತು. 29,133 ಪುರುಷ ಧೂಮಪಾನಿಗಳ ಮೇಲೆ ನಡೆದ ಈ ಪರೀಕ್ಷೆಯ ಫಲಿತಾಂಶ 1994ರಲ್ಲಿ ಹೊರಬಂದಾಗ, ಗುಳಿಗೆ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಾಗಿತ್ತು. ಅಮೆರಿಕದ ಇಂತಹುದೇ ಮತ್ತೊಂದು ಪರೀಕ್ಷೆಯನ್ನು 1996ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಸೊಪ್ಪು, ಗಜ್ಜರಿ ತಿನ್ನುವುದು ಇಂದಿಗೂ ಹಿತಕರವೇ. ಅದರಿಂದ ಒಂದು ಅಂಶವನ್ನು ಹೊರತೆಗೆದು ಹಲವು ಪಟ್ಟು ಕೊಟ್ಟಾಗ ಕಥೆ ಬದಲಾಯಿತು.

ಇನ್ನು ಕೆಲವು ಸಾಂಪ್ರದಾಯಿಕ ಸಸ್ಯಗಳು ತಾವೇ ಕ್ಯಾನ್ಸರ್ ಕಾರಕಗಳು. ಹಾವಿನ ಕಡಿತಕ್ಕೆ, ಹೊಟ್ಟೆನೋವಿಗೆ ಬಳಸುವ ಈಶ್ವರಿ ಬಳ್ಳಿಯ ಕುಲದಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ಬೆಲ್ಜಿಯಂ ದೇಶದಲ್ಲಿ 1990ರ ದಶಕದ ಆರಂಭದಲ್ಲಿ ತೂಕ ಇಳಿಸುವ ಗುಳಿಗೆಗಳಲ್ಲಿ ತಪ್ಪಿ ಸೇರಿದ ಇದೇ ಕುಲದ ಒಂದು ಮೂಲಿಕೆಯಿಂದ ಅನೇಕ ಮಹಿಳೆಯರ ಮೂತ್ರಪಿಂಡಗಳು ನಾಶವಾದವು. ಅವರಲ್ಲಿ ಹಲವರಿಗೆ ಆನಂತರ ಮೂತ್ರನಾಳದ ಕ್ಯಾನ್ಸರ್ ಬಂದಿತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಈ ಕುಲದ ಮೂಲಿಕೆಗಳನ್ನು 2002ರಲ್ಲಿ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ಈಶ್ವರಿ ಬಳ್ಳಿಯನ್ನು ಯಾವ ರೂಪದಲ್ಲಿಯೂ ಸೇವಿಸಬಾರದು. ಹಾವು ಕಡಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಅಡಿಕೆಯ ಮಾತು ಬೆಳೆಗಾರರಿಗೆ ಹಿತವಾಗಿರಲಾರದು, ಆದರೂ ಬಿಡುವಂತಿಲ್ಲ. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್ ಕಾರಕವೆಂದು ಅದೇ ಅಂಗವು 2004ರಲ್ಲಿ ಪ್ರಕಟಿಸಿದೆ. ವೀಳ್ಯದೆಲೆಯಲ್ಲಿನ ಹೈಡ್ರಾಕ್ಸಿಚವಿಕಾಲ್ ಎಂಬ ಸಂಯುಕ್ತವು ಕ್ಯಾನ್ಸರ್ ಕಾರಕಗಳ ಪರಿಣಾಮವನ್ನು ತಗ್ಗಿಸುವುದನ್ನು ಮುಂಬಯಿಯ ವಿಜ್ಞಾನಿಗಳು 1980ರ ದಶಕದಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದ್ದರು. ಎಲೆಯ ಈ ಗುಣದಿಂದ ಅಡಿಕೆ, ಹೊಗೆಸೊಪ್ಪಿನ ದೋಷ ಕಳೆಯುತ್ತದೆಂದು ನಂಬಿ ಬಾಯಲ್ಲಿ ಇಟ್ಟುಕೊಳ್ಳುವುದು ಸರಿಯಲ್ಲ.

ರೈತರ ಕೈಯಲ್ಲೇ ಇರುವ ತಡೆ: ಬೂಷ್ಟಿನ ವಿಷ

ಇಡೀ ಲೇಖನದಲ್ಲಿ ಬೇಸಾಯಗಾರರು ಹೆಚ್ಚು ಗಮನವಿಟ್ಟು ಓದಬೇಕೆಂದು ನಾನು ಬಯಸುವ ಭಾಗ ಇದು. ನೆಲಗಡಲೆ, ಮುಸುಕಿನ ಜೋಳ, ಕೊಬ್ಬರಿ, ಒಣ ಮೆಣಸಿನಕಾಯಿಗಳ ಮೇಲೆ ಬೆಳೆಯುವ ಆಸ್ಪರ್ಜಿಲ್ಲಸ್ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ತಯಾರಿಸುತ್ತದೆ. ಇದು ಯಕೃತ್ತಿನ ಕ್ಯಾನ್ಸರ್‌ಗೆ ದೃಢಪಟ್ಟ ಕಾರಣ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಮುಸುಕಿನ ಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತುದು ಇದರ ತೀವ್ರ ರೂಪ. ಕಣ್ಣಿಗೆ ಕಾಣದ ಪ್ರಮಾಣದಲ್ಲಿ ವರ್ಷಾನುಗಟ್ಟಲೆ ಹೊಟ್ಟೆ ಸೇರುವುದು ಇದರ ನಿಧಾನ ರೂಪ. ಹುರಿದರೂ ಬೇಯಿಸಿದರೂ ಈ ವಿಷ ಪೂರ್ತಿ ನಾಶವಾಗುವುದಿಲ್ಲ.

ಸಸ್ಯಜನ್ಯ ತಡೆಯ ಅತ್ಯುತ್ತಮ ಪ್ರಯೋಗಗಳಲ್ಲೊಂದು ಇದೇ ವಿಷದ ಮೇಲೆ ನಡೆಯಿತು. ಚೀನಾದ ಚಿಡಾಂಗ್ ಪ್ರದೇಶದಲ್ಲಿ 180 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಎಲೆಹಸಿರಿನಿಂದ ತಯಾರಿಸಿದ ಕ್ಲೋರೊಫಿಲಿನ್ ಎಂಬ ವಸ್ತುವನ್ನು ನಾಲ್ಕು ತಿಂಗಳು, ದಿನಕ್ಕೆ ಮೂರು ಬಾರಿ ಊಟದೊಡನೆ 100 ಮಿಲಿಗ್ರಾಂನಂತೆ ಕೊಡಲಾಯಿತು. ಅದು ಕರುಳಿನಲ್ಲಿ ಅಫ್ಲಾಟಾಕ್ಸಿನ್‌ಗೆ ಅಂಟಿಕೊಂಡು ಹೀರಿಕೆಯನ್ನು ತಡೆಯುತ್ತದೆಂಬುದು ನಿರೀಕ್ಷೆ. ಡಿ.ಎನ್.ಎ. ಹಾನಿಯ ಗುರುತು ಮೂತ್ರದಲ್ಲಿ ಶೇಕಡ 55ರಷ್ಟು ಇಳಿದುದಾಗಿ 2001ರಲ್ಲಿ ವರದಿಯಾಯಿತು. ಫಲಿತಾಂಶ ಆಶಾದಾಯಕವೇ. ಆದರೆ ಅದೇ ಚಿಡಾಂಗ್‌ನಲ್ಲಿ ಯಕೃತ್ತಿನ ಕ್ಯಾನ್ಸರ್ ಸಾವುಗಳು ಅರ್ಧಕ್ಕಿಂತ ಹೆಚ್ಚು ಇಳಿದುದಕ್ಕೆ ಕಾರಣವೆಂದು ಸಂಶೋಧಕರು 2013ರಲ್ಲಿ ತೋರಿಸಿದುದು ಗುಳಿಗೆಯನ್ನಲ್ಲ. 1980ರ ದಶಕದಿಂದ ಅಲ್ಲಿನ ಜನ ಬೂಷ್ಟು ಹಿಡಿಯುವ ಮುಸುಕಿನ ಜೋಳವನ್ನು ಬಿಟ್ಟು ಅಕ್ಕಿ ತಿನ್ನತೊಡಗಿದರು.

ನಮ್ಮಲ್ಲಿ ಮಾಡಬೇಕಾದುದು ಇಷ್ಟು. ಕಾಯಿ ಬಲಿಯುವ ಹಂತದಲ್ಲಿ ನೆಲಗಡಲೆಗೆ ತೇವದ ಕೊರತೆಯಾದರೆ ಬೂಷ್ಟು ಹೊಲದಲ್ಲಿಯೇ ಸೇರುತ್ತದೆ. ಸಾಧ್ಯವಿದ್ದಲ್ಲಿ ಒಂದು ರಕ್ಷಣಾತ್ಮಕ ನೀರು ಕೊಡಿ. ಕೊಯ್ಲು ತಡಮಾಡಬೇಡಿ. ಗಿಡ ಕಿತ್ತ ಮೇಲೆ ಕಾಯಿ ಮೇಲ್ಮುಖವಾಗುವಂತೆ ತಲೆಕೆಳಗಾಗಿ ಸಾಲಿನಲ್ಲಿ ಒಣಗಿಸಿ, ಬಿಡಿಸಿದ ಕಾಯಿಯನ್ನು ನೆಲದ ಮೇಲಲ್ಲದೆ ಟಾರ್ಪಾಲಿನ ಮೇಲೆ ಹರಡಿ, ತೇವಾಂಶ ಶೇಕಡ 8ಕ್ಕೆ ಇಳಿಸಿ. ಅಲುಗಿಸಿದಾಗ ಬೀಜ ಗಲಗಲ ಸದ್ದು ಮಾಡಬೇಕು. ಬಿಡಿಸುವಾಗ ಸುಲಭವಾಗಲೆಂದು ಕಾಯಿಗೆ ನೀರು ಚಿಮುಕಿಸುವ ರೂಢಿಯನ್ನು ಕೈಬಿಡಿ. ಮುಸುಕಿನ ಜೋಳವನ್ನು ಶೇಕಡ 12ರ ತೇವಾಂಶಕ್ಕೆ ಒಣಗಿಸಿ ಚೀಲಗಳನ್ನು ಮರದ ಹಲಗೆಗಳ ಮೇಲೆ, ಗೋಡೆಯಿಂದ ದೂರ ಜೋಡಿಸಿ. ಸುಕ್ಕಾದ, ಬಣ್ಣಗೆಟ್ಟ, ಬೂಷ್ಟಾದ ಕಾಳನ್ನು ಆರಿಸಿ ತೆಗೆಯಿರಿ. ಆರಿಸಿದ್ದನ್ನು ದನಗಳಿಗೆ ಹಾಕಬೇಡಿ. ಹಸುವಿನ ಹೊಟ್ಟೆ ಸೇರಿದ ಅಫ್ಲಾಟಾಕ್ಸಿನ್ ಬೇರೊಂದು ರೂಪದಲ್ಲಿ ಹಾಲಿಗೆ ಬರುತ್ತದೆ. ಮನೆಮನೆಯಲ್ಲೂ ಹಾಲು ಕರೆಯುವ ಈ ತಾಲ್ಲೂಕಿನಲ್ಲಿ ಬೂಷ್ಟು ಹಿಡಿದ ಹಿಂಡಿ, ಜೋಳವೆಂದರೆ ಮಕ್ಕಳ ಲೋಟಕ್ಕೆ ಸೇರುವ ವಿಷ.

ಔಷಧೀಯ ಬೆಳೆ ಬೆಳೆಯಲು ಬಯಸುವವರಿಗೆ

ಅಶ್ವಗಂಧ ಕೆಂಪು ಮಣ್ಣಿಗೆ, ಕಡಿಮೆ ನೀರಿಗೆ ಹೊಂದುವ ಬೆಳೆ. ಆದರೆ ಅದು ತಟಸ್ಥದಿಂದ ಸ್ವಲ್ಪ ಕ್ಷಾರದ ಮಣ್ಣನ್ನು ಬಯಸುತ್ತದೆ. ನಮ್ಮಲ್ಲಿನ ಅನೇಕ ಜಮೀನುಗಳು ಹುಳಿಯಾಗಿವೆ. ಮೊದಲು ಮಣ್ಣು ಪರೀಕ್ಷಿಸಿ, ಅಗತ್ಯವಿದ್ದರೆ ಸುಣ್ಣ ಕೊಡಿ. ಜುಲೈ ಕೊನೆಯಿಂದ ಆಗಸ್ಟ್‌ವರೆಗೆ, ಚೆಲ್ಲುವ ವಿಧಾನದಲ್ಲಿ ಎಕರೆಗೆ 4ರಿಂದ 5 ಕಿ.ಗ್ರಾಂ. ಬೀಜ ಬೇಕಾಗುತ್ತದೆ. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ಬೇರು ಬಡಕಲಾಗುತ್ತದೆ. ನೀರು ನಿಂತರೆ ಬೇರು ಕೊಳೆಯುತ್ತದೆ. 150ರಿಂದ 180 ದಿನಗಳಲ್ಲಿ ಎಲೆ ಒಣಗಿ ಹಣ್ಣು ಕೆಂಪಾದಾಗ ಅಗೆಯಬೇಕು. ಮಳೆಯಾಶ್ರಯದಲ್ಲಿ ಎಕರೆಗೆ 120ರಿಂದ 200 ಕಿ.ಗ್ರಾಂ. ಒಣ ಬೇರು ನಿರೀಕ್ಷಿಸಬಹುದು. ಕೊಳ್ಳುವವರೊಡನೆ ಲಿಖಿತ ಒಪ್ಪಂದವಿಲ್ಲದೆ ಮೊದಲ ವರ್ಷವೇ ರಾಗಿಯ ಹೊಲವನ್ನೆಲ್ಲ ಇದಕ್ಕೆ ಬಿಡುವುದು ವಿವೇಕವಲ್ಲ. ತಳಿ ಮತ್ತು ಬೀಜಕ್ಕಾಗಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯನ್ನಾಗಲಿ, ಬೆಳೆ ಸಲಹೆಗೆ ದೊಡ್ಡಬಳ್ಳಾಪುರ ತಾಲ್ಲೂಕು ಹಾಡೋನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ ಸಂಪರ್ಕಿಸಿ.

ಸ್ಥಳದ ಆಯ್ಕೆಯೂ ಮುಖ್ಯ. ಬೇರು, ಗೆಡ್ಡೆ, ಸೊಪ್ಪುಗಳು ಸೀಸ, ಕ್ಯಾಡ್ಮಿಯಂಗಳಂತಹ ಭಾರ ಲೋಹಗಳನ್ನು ಹೀರಿಕೊಳ್ಳುತ್ತವೆ. ಹೆದ್ದಾರಿಯ ಪಕ್ಕದ ತಾಕುಗಳಲ್ಲಿ, ಕೈಗಾರಿಕೆಗಳ ತ್ಯಾಜ್ಯ ನೀರು ಸೇರುವ ಹಳ್ಳ, ಕೆರೆಗಳ ನೀರಿನಿಂದ ಔಷಧೀಯ ಬೆಳೆ ಬೆಳೆಯಬೇಡಿ. ಶಿವಗಂಗೆ ಬೆಟ್ಟದ ಅರಣ್ಯದಿಂದ ಬೇರು, ತೊಗಟೆ ತರುವುದು ಕಾನೂನುಬಾಹಿರ. ಅಲ್ಲಿ ಹುಟ್ಟುವ ಕುಮುದ್ವತಿ ನದಿಯ ಜಲಾನಯನಕ್ಕೂ ಅದರಿಂದ ಹಾನಿ.

ಚೀಟಿಯ ಮೇಲೆ ಏನು ಬರೆಯುತ್ತೀರಿ ಎಂಬುದರಲ್ಲಿಯೂ ಎಚ್ಚರವಿರಲಿ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ, 1954ರ ಪಟ್ಟಿಯಲ್ಲಿ ಕ್ಯಾನ್ಸರ್ ಸೇರಿದೆ. ಕ್ಯಾನ್ಸರನ್ನು ತಡೆಯುತ್ತದೆ, ಗುಣಪಡಿಸುತ್ತದೆ ಎಂದು ಜಾಹೀರಾತು ಮಾಡಿದರೆ ಮೊದಲ ಬಾರಿಗೆ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ ವಿಧಿಸಬಹುದು. ಸ್ವಸಹಾಯ ಸಂಘಗಳು ತಯಾರಿಸುವ ಅರಿಶಿನ ಪುಡಿ, ನೆಲ್ಲಿ ಪುಡಿಗಳ ಪೊಟ್ಟಣಕ್ಕೂ, ಮೊಬೈಲ್‌ನಲ್ಲಿ ಹಂಚುವ ಚಿತ್ರಕ್ಕೂ ಇದು ಅನ್ವಯಿಸುತ್ತದೆ. ತಳಿ, ಬೆಳೆದ ಊರು, ಕೊಯ್ಲಿನ ತಿಂಗಳು, ಪರೀಕ್ಷಿಸಿದ್ದರೆ ಕರ್ಕ್ಯುಮಿನ್ ಪ್ರಮಾಣ ಇಷ್ಟು ಬರೆದರೆ ಗ್ರಾಹಕರ ವಿಶ್ವಾಸ ಗಳಿಸಲು ಸಾಕು.

ಎಲೆ ಕೇಳಿಕೊಂಡು ಬಂದವರಿಗೆ

ಉಳಿದುದು ಮೂರನೆಯ ಪ್ರಶ್ನೆ. ನಿಮ್ಮ ತೋಟದ ಬಾಗಿಲಿಗೆ ಬರುವವರು ಭಯದಲ್ಲಿರುತ್ತಾರೆ, ಸಾಲದಲ್ಲಿರುತ್ತಾರೆ. ಬರಿಗೈಯಲ್ಲಿ ಕಳುಹಿಸಲು ಮನಸ್ಸಾಗುವುದಿಲ್ಲ. ಅಮೆರಿಕದ ರೋಗಿಗಳ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಗುಣಪಡಿಸಬಹುದಾದ ಹಂತದಲ್ಲಿದ್ದೂ ರೂಢಿಯ ಚಿಕಿತ್ಸೆ ಬಿಟ್ಟು ಪರ್ಯಾಯ ಚಿಕಿತ್ಸೆಯನ್ನೇ ನೆಚ್ಚಿದವರಲ್ಲಿ ಸಾವಿನ ಅಪಾಯ ಎರಡೂವರೆ ಪಟ್ಟು, ಸ್ತನ ಕ್ಯಾನ್ಸರ್‌ನಲ್ಲಿ ಐದು ಪಟ್ಟಿಗಿಂತ ಹೆಚ್ಚು ಎಂದು ಕಂಡುಕೊಂಡಿತು. ಎಲೆಗಿಂತ ಹೆಚ್ಚಾಗಿ, ಎಲೆಯನ್ನು ನಂಬಿ ಕಳೆದ ತಿಂಗಳುಗಳು ಇಲ್ಲಿ ಕೊಲ್ಲುತ್ತವೆ. ಆದುದರಿಂದ ಹಣ ಪಡೆದಾಗಲಿ ಪಡೆಯದೆಯಾಗಲಿ ಎಲೆ, ತೊಗಟೆ ಕೊಡಬೇಡಿ. ಯಾವ ಆಸ್ಪತ್ರೆಯಲ್ಲಿ ತೋರಿಸಿದ್ದೀರಿ, ಮುಂದಿನ ದಿನಾಂಕ ಯಾವುದು ಎಂದು ಕೇಳಿ. ತೋರಿಸಿಲ್ಲವಾದರೆ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಸರ್ಕಾರಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಹೋಗುವ ದಾರಿ ತಿಳಿಸಿ. ಚಿಕಿತ್ಸೆಯ ಜೊತೆಗೆ ಈಗಾಗಲೇ ಯಾವುದಾದರೂ ಮೂಲಿಕೆ ಸೇವಿಸುತ್ತಿದ್ದರೆ ಅದರ ಪೊಟ್ಟಣವನ್ನು ವೈದ್ಯರ ಬಳಿ ಒಯ್ಯಲು ಹೇಳಿ.

ವಿಸ್ತರಣಾ ಕಾರ್ಯಕರ್ತರು ಗ್ರಾಮ ಸಭೆಗಳಲ್ಲಿ ಇನ್ನೊಂದು ವಿಷಯವನ್ನು ಸೇರಿಸಬಹುದು. 30 ವರ್ಷ ದಾಟಿದವರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ನಡೆಸುವ ಸರ್ಕಾರಿ ಕಾರ್ಯಕ್ರಮವಿದೆ. ಅಡಿಕೆ, ಹೊಗೆಸೊಪ್ಪು ಹಾಕುವವರ ಬಾಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ ಕಂಡರೆ ಆಶಾ ಕಾರ್ಯಕರ್ತೆಯರ ಮೂಲಕ ಅಂದೇ ಹೆಸರು ಬರೆಸಿ.